ನಿಲ್ಲಬಾರದ ಪೆನ್ನು

ಟೈಪಿಸ್ಟಮ್ಮನವರಿಗೆ ಕಚೇರಿಯಲ್ಲಿ ಮೂವತ್ತು ವರ್ಷ ಬೆಳೆದು ಬಂದ ಅಭ್ಯಾಸವೊಂದಿತ್ತು. ಹೇಳಿ ಬರೆಸುವಾಗ ಸಾಹೇಬರು ತಪ್ಪಿದರೆ ಅವರು ತುಟಿಪಿಟಕ್ಕೆನ್ನುತ್ತಿರಲಿಲ್ಲ. ಬೆರಳುಗಳನ್ನು ಕೀಲಿಗಳ ಮೇಲೆ ಸುಮ್ಮನೆ ನಿಲ್ಲಿಸುತ್ತಿದ್ದರು. ಟಕಟಕ ನಿಂತೊಡನೆ ಸಾಹೇಬರು ಗಂಟಲು ಸರಿಮಾಡಿಕೊಂಡು ತಾವೇ ತಿದ್ದಿಕೊಳ್ಳುತ್ತಿದ್ದರು.

ನಿವೃತ್ತರಾದ ಮೇಲೆ ಆ ಅಭ್ಯಾಸವೇ ಕುತ್ತಿಗೆಗೆ ಬಂತು.

ಪಕ್ಕದ ಮನೆಯ ಹುಡುಗಿಗೆ ಡಿಸ್ಲೆಕ್ಸಿಯಾ. ಕೇಳಿದ್ದನ್ನು ಮರೆಯಳು, ಅಚ್ಚಿನ ಅಕ್ಷರ ಮಾತ್ರ ಕಣ್ಣೆದುರು ಕಲಸಿಹೋಗುತ್ತಿತ್ತು. ವಿಜ್ಞಾನದಲ್ಲಿ ಎರಡು ಬಾರಿ ನಪಾಸಾಗಿದ್ದಳು. ಇದೇ ಕೊನೆಯ ಅವಕಾಶ. ಪ್ರಶ್ನೆ ಓದಿ ಹೇಳಲು, ಅವಳು ಹೇಳಿದ್ದನ್ನು ಬರೆಯಲು ಶಾಲೆಯವರು ಟೈಪಿಸ್ಟಮ್ಮನವರನ್ನು ಗೊತ್ತುಮಾಡಿದ್ದರು.

ಪ್ರತ್ಯೇಕ ಕೊಠಡಿ. ಮೂರನೆಯ ಪ್ರಶ್ನೆಗೆ ಹುಡುಗಿ ತಪ್ಪು ಹೇಳಿದಳು. ಪೆನ್ನು ತಾನಾಗಿ ನಿಂತಿತು. ಹುಡುಗಿ ಪೆನ್ನನ್ನು ನೋಡಿದವಳೇ ಉತ್ತರ ಬದಲಿಸಿದಳು.

ಎದುರು ಕುಳಿತ ಮೇಲ್ವಿಚಾರಕರು ಎದ್ದು ಬಂದರು. "ಏನಮ್ಮಾ, ಪೆನ್ನಿಗೆ ಉಸಿರು ಕಟ್ತಾ? ನೀವು ನಿಂತ್ರೆ ಇವಳು ತಿದ್ಕೋತಾಳೆ. ಇನ್ನೊಂದ್ಸಲ ಹೀಗಾದ್ರೆ ಪೇಪರ್ ಕಿತ್ಕೋತೀನಿ."

ಟೈಪಿಸ್ಟಮ್ಮನವರಿಗೆ ಆಗ ಹೊಳೆಯಿತು. ಪರೀಕ್ಷೆಗೆ ಮುಂಚೆ ಒಂದು ತಿಂಗಳು ಅವಳಿಂದ ಪಾಠ ಹೇಳಿಸಿ ಬರೆಯುವಾಗ, ತಮಗೇ ತಿಳಿಯದಂತೆ, ಹುಡುಗಿಗೆ ಪೆನ್ನು ನೋಡುವುದನ್ನೂ ಕಲಿಸಿಬಿಟ್ಟಿದ್ದರು!

ಒಂಬತ್ತನೆಯ ಪ್ರಶ್ನೆ: ಹೃದಯದ ಬಲಭಾಗದಿಂದ ರಕ್ತ ಎಲ್ಲಿಗೆ ಹೋಗುತ್ತದೆ?

"ಇಡೀ ದೇಹಕ್ಕೆ," ಎಂದಳು ಹುಡುಗಿ.

ತಪ್ಪು. ಪಕ್ಕದಲ್ಲೇ ನಿಂತಿದ್ದ ಮೇಲ್ವಿಚಾರಕರ ಕಣ್ಣು ಪೆನ್ನಿನ ಮೇಲೆ. ಹುಡುಗಿಯ ಕಣ್ಣೂ ಅಲ್ಲಿಯೇ. ಹಲ್ಲು ಕಚ್ಚಿಕೊಂಡು ಟೈಪಿಸ್ಟಮ್ಮ ಬರೆದರು. ಪೆನ್ನು ನಿಲ್ಲಲಿಲ್ಲ. ಹುಡುಗಿ ನಿಶ್ಚಿಂತೆಯಿಂದ ಮುಂದಿನ ಪ್ರಶ್ನೆ ಕೇಳಿದಳು. ಪೆನ್ನು ನಿಲ್ಲದ್ದರಿಂದ ಉತ್ತರ ಸರಿಯೆಂದೇ ನಂಬಿದ್ದಳು.

ಹತ್ತು ನಿಮಿಷ ಉಳಿದಿತ್ತು. ಹುಡುಗಿ ಬೆವರಿದ ಕೈ ಒರೆಸಿಕೊಂಡಳು. "ದೊಡ್ಡಮ್ಮ, ಎಲ್ಲ ಒಂದ್ಸಲ ಓದಿ ಹೇಳ್ತೀರಾ?"

ಮೇಲ್ವಿಚಾರಕರು ತಲೆಯಾಡಿಸಿದರು, ಅದಕ್ಕೆ ನಿಯಮದಲ್ಲಿ ಅವಕಾಶವಿತ್ತು. ಟೈಪಿಸ್ಟಮ್ಮ ಏರಿಳಿತವಿಲ್ಲದೆ, ಕಚೇರಿಯ ಸುತ್ತೋಲೆ ಓದುವಂತೆ ಓದತೊಡಗಿದರು. ಹುಡುಗಿ ಈ ಸಲ ಪೆನ್ನು ನೋಡಲಿಲ್ಲ. ಕಣ್ಣು ಮುಚ್ಚಿಕೊಂಡು ಕೇಳಿದಳು. ಒಂಬತ್ತನೆಯದು ಬಂತು, ಪ್ರಶ್ನೆಯನ್ನೂ ಉತ್ತರವನ್ನೂ ಓದಿದರು, ಹತ್ತನೆಯದಕ್ಕೆ ಬಾಯಿ ತೆರೆದರು.

"ತಾಳಿ, ತಾಳಿ! ಬಲಭಾಗ ಅಂದ್ರಾ? ಹಾಗಾದ್ರೆ ಶ್ವಾಸಕೋಶಕ್ಕೆ. ಹೊಡೆದು ಹಾಕಿ ಬರೀರಿ."

ಟೈಪಿಸ್ಟಮ್ಮ ಹೊಡೆದು ಹಾಕಿ ಬರೆದರು. ಅವಸರದಲ್ಲಿ ಅಕ್ಷರ ಸೊಟ್ಟಗಾಯಿತು.

"ಪರವಾಗಿಲ್ಲಮ್ಮ, ಓದೋಕೆ ಬರುತ್ತೆ," ಎಂದರು ಮೇಲ್ವಿಚಾರಕರು, ಕುರ್ಚಿಗೆ ಮರಳುತ್ತ.