ಅಮೀರಸಾಬ ತಡೆದ ಹೆಜ್ಜೆ

ಸಿಂದಗಿ ಕಡೆಯ ಬಡಿಗ ಅಮೀರಸಾಬ ಮುಂಬಯಿಯ ಕಾಂದಿವಲಿಯಲ್ಲಿ ಒಂದು ಸಣ್ಣ ಸ್ಟುಡಿಯೋದಲ್ಲಿ ಸಿನಿಮಾದ ಮನೆಗಳನ್ನು ಕಟ್ಟುತ್ತಿದ್ದ. ಪ್ಲೈವುಡ್ಡಿನ ಗೋಡೆ, ಹಿಂದೆ ಏನೂ ಇಲ್ಲದ ಬಾಗಿಲು. ಹತ್ತು ವರ್ಷ ಅದೇ ಕೆಲಸ ಮಾಡಿದರೂ ಒಂದು ಸಿನಿಮಾವನ್ನೂ ಪೂರ್ತಿ ನೋಡಿದವನಲ್ಲ.

೧೯೭೩ರಲ್ಲಿ ಅಲ್ಲಿ ತೆಗೆದದ್ದು ಸಿನಿಮಾ ತೆಗೆಯುವವರದೇ ಕಥೆ. ಅದರ ನಾಯಕಿ ಒಬ್ಬ ನಟಿ. ಗಂಡನ ಮನೆ ಬಿಡುವ ಹೆಂಗಸಿನ ಪಾತ್ರ ಮಾಡುತ್ತ ಮಾಡುತ್ತ, ತಾನೂ ಗಂಡನನ್ನು ಬಿಡಲೇ ಎಂದು ಯೋಚಿಸುವವಳು. ಶೂಟಿಂಗಿನ ಕೊನೆಯ ದಿನ ಅವಳು ಬರಿಗಾಲಲ್ಲಿ ಸೆಟ್ಟಿನ ಬಾಗಿಲು ದಾಟಬೇಕಿತ್ತು. ಕಾಲೆತ್ತಿದಳು. ಹೊಸ್ತಿಲಲ್ಲಿ ತಾನೇ ಹೊಡೆದ ಮೊಳೆಯೊಂದು ಎದ್ದು ನಿಂತದ್ದು ಅಮೀರಸಾಬನ ಕಣ್ಣಿಗೆ ಬಿತ್ತು. ಕ್ಯಾಮೆರಾ ಓಡುತ್ತಿರುವುದನ್ನೂ ಮರೆತು ಸುತ್ತಿಗೆ ಹಿಡಿದೇ ನುಗ್ಗಿದ.

“ಬಾಯಿ, ಠೈರೋ! ನೀಚೆ ಕೀಲಾ ಹೈ!”

ಕೆಳಗೆ ಮೊಳೆ ಎಂಬ ಆ ಕೂಗಿಗೆ ಅವಳು ಕಾಲು ಊರದೆ ನಿಂತಳು. ಡೈರೆಕ್ಟರ್ ಬೈಯಲಿಲ್ಲ. ಅಮೀರಸಾಬ ನುಗ್ಗಿದ್ದೂ ಸೇರಿದಂತೆ, ಎತ್ತಿದ ಕಾಲಿನಲ್ಲೇ ನಿಂತ ಆ ಶಾಟನ್ನೇ ಸಿನಿಮಾದ ಕೊನೆ ಮಾಡಿಬಿಟ್ಟ.

ಮರುವರ್ಷ ಸಿನಿಮಾ ಬಾಂದ್ರಾದ ಟಾಕೀಸಿಗೆ ಬಂತು. ವಡಾಲದ ಚಾಳಿನಲ್ಲಿ ಅವನ ಪಕ್ಕದ ಖೋಲಿಯಲ್ಲಿದ್ದ, ಗೋಡೆ ಕಟ್ಟುವ ಗೌಂಡಿ ಗುರಲಿಂಗಪ್ಪ ನೋಡಿ ಬಂದವನೇ ಅಮೀರಸಾಬನ ಬಾಗಿಲು ಬಡಿದ.

“ಆಕಿ ಮನಿ ಬಿಟ್ಲೋ, ವಾಪಸ್ ಒಳಗ ಹೋದ್ಲೋ? ನೀ ಅಲ್ಲೇ ಇದ್ದೆಲ್ಲ, ಹೇಳು.”

“ನಾ ಮೊಳಿ ನೋಡಾಕತ್ತಿದ್ದೆ.”

“ಸುಳ್ಳ! ಮನಿ ಬಿಡಬ್ಯಾಡ ಅಂತ ಹೇಳಾಕ ದೇವರು ಕಳಿಸಿದ ಮನಷ್ಯಾ ನೀ. ನನಗ ತಿಳೀತದ.”

ಅಮೀರಸಾಬನಿಗೆ ನಿಜಕ್ಕೂ ಕುತೂಹಲ ಹತ್ತಿತು. ಮುಂದಿನ ಸೆಟ್ಟಿನಲ್ಲಿ ಡೈರೆಕ್ಟರನನ್ನೇ ಕೇಳಿದ. “ಮುಝೆ ಭೀ ನಹೀ ಮಾಲೂಮ್, ಮಿಸ್ತ್ರಿ. ತುಮ್ ಬತಾವೋ,” ತನಗೂ ಗೊತ್ತಿಲ್ಲ, ನೀನೇ ಹೇಳು ಎಂದು ಅವನು ನಕ್ಕ.

ಮನೆಯಲ್ಲಿ ಇದನ್ನೆಲ್ಲ ಕೇಳಿದ ಹೆಂಡತಿ ಜುಬೇದಾ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. ಟಾಕೀಸಿನ ಮೆಟ್ಟಿಲೇ ಹತ್ತಿದವಳಲ್ಲ ಅವಳು.

“ಬರಿಗಾಲಾಗ ಇದ್ಲಂತಿ. ಹಂಗಾದ್ರ ಆಕಿ ಚಪ್ಪಲ್ ಎಲ್ಲಿದ್ದುವು?”

ಅದು ಅವನಿಗೆ ಹೊಳೆದೇ ಇರಲಿಲ್ಲ. ಭಾನುವಾರ ಇಬ್ಬರೂ ಬಾಂದ್ರಾಕ್ಕೆ ಹೋದರು. ಕೊನೆಯ ದೃಶ್ಯ ಬಂದಾಗ ಜುಬೇದಾ ಗಟ್ಟಿಯಾಗಿಯೇ ಕೂಗಿದಳು: “ಕೈಯಾಗ ಅದಾವ!” ಮುಂದಿನ ಸಾಲಿನವರು ತಿರುಗಿ ನೋಡಿದರು.

ವಾಪಸ್ ಬರುವಾಗ ಲೋಕಲ್ ರೈಲಿನಲ್ಲಿ ವಾದ. ಸಪ್ಪಳ ಆಗದಂತೆ ಹೋಗುವವಳೇ ಚಪ್ಪಲಿ ಕೈಯಲ್ಲಿ ಹಿಡಿಯುವುದು, ಅವಳು ಹೊರಟವಳೇ ಎಂದಳು ಜುಬೇದಾ. ಹೊರಗಿನಿಂದ ಬಂದು ಬಿಚ್ಚಿ ಹಿಡಿದಿರಬಹುದಲ್ಲ ಎಂದ ಅಮೀರಸಾಬ. ವಡಾಲ ಬಂದರೂ ಮುಗಿಯಲಿಲ್ಲ. ಮುಂದಿನ ಭಾನುವಾರ ಮತ್ತೆ ಹೋದರು.

ಎರಡನೆಯ ಸಲ ಅವನು ಚಪ್ಪಲಿಯ ಬದಲು ತೆರೆಯ ಮೇಲೆ ಆ ನಟಿಯ ಮುಖ ನೋಡಿದ. ಅವಳು ನೋಡುತ್ತಿದ್ದದ್ದು ಮೊಳೆಯನ್ನಲ್ಲ, ಅವನನ್ನೂ ಅಲ್ಲ. ಅವನ ಭುಜದಾಚೆ, ಸ್ಟುಡಿಯೋದ ತೆರೆದ ಗೇಟನ್ನು. ಆ ಹೊತ್ತು ಮೊಳೆಯತ್ತ ಬಗ್ಗಿ ನಿಂತಿದ್ದ ಅವನಿಗೆ ಅದು ಕಂಡಿರಲೇ ಇಲ್ಲ.

“ಹೋಗ್ಯಾಳ,” ಎಂದ, ಸಂಜೆ ಗುರಲಿಂಗಪ್ಪನಿಗೆ. “ಜುಬೇದಾ ಹೇಳಿದ್ದೇ ಖರೇ. ನಾ ತಡದಿದ್ದು ಒಂದ ಹೆಜ್ಜಿ ಅಷ್ಟ.”

ಗುರಲಿಂಗಪ್ಪ ಬೀಡಿ ಹಚ್ಚಿ ಯೋಚಿಸಿದ. “ಆಕಿ ಅಂದ್ರ ಯಾವಾಕಿ? ಪಾತ್ರದಾಕಿಯೋ, ಪಾತ್ರ ಮಾಡಿದಾಕಿಯೋ?”

ಅಮೀರಸಾಬ ಜುಬೇದಾಳ ಮುಖ ನೋಡಿದ. ಅವಳು ಅವನ ಮುಖ ನೋಡಿದಳು. ಮೂರನೆಯ ಭಾನುವಾರ ಮೂವರೂ ಬಾಂದ್ರಾದ ಗಾಡಿ ಹತ್ತಿದರು.