ಎದೆಜೇಬಿನಲ್ಲೊಂದು ಹಸಿ ಮೊಟ್ಟೆ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಹೊರಗೆ ಸಣ್ಣಗೆ ಹನಿಯುತ್ತಿದೆ. ಓಣಿಯ ಕೊನೆಯ ಮನೆಯ ಮುಂದೆ ಮೊಟ್ಟೆ ಅಕ್ಕ ಬಾಗಿ, ಹಳೆಯ ಮೋಟರ್‌ಸೈಕಲ್ಲಿನ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದಾರೆ. ಗಾಳಿ ಸರಿಯಾಗಿದೆ. ಆಮೇಲೆ ಕುಂಟುತ್ತಾ ಅಡುಗೆಮನೆಗೆ ಹೋಗಿ, ಒಂದು ಹಸಿ ಮೊಟ್ಟೆ ತಂದು, ಮಗಳ ಅಂಗಿಯ ಎದೆಜೇಬಿಗೆ ಮೆಲ್ಲಗೆ ಇಳಿಸುತ್ತಾರೆ.

"ಒಡೆದ್ರೆ?" ಎನ್ನುತ್ತಾಳೆ ಮಗಳು.

"ಒಡೆದ್ರೆ ಗಾಡಿ ಮಾರೋದೇ. ನನ್ನ ಮಂಡಿ ಇನ್ನು ಮಾತು ಕೇಳಲ್ಲ."

ಇದು ಹೆದರಿಸಲು ಆಡಿದ ಮಾತಲ್ಲ. ಗ್ಯಾರೇಜಿನವನು ಗಾಡಿ ಕೊಳ್ಳಲು ತುದಿಗಾಲಲ್ಲಿ ನಿಂತಿದ್ದಾನೆ. ದಿನಾ ಮೂವತ್ತು ಟ್ರೇ ಮೊಟ್ಟೆ ಹೇರಿಕೊಂಡು ಬೇಕರಿ, ಹೋಟೆಲು, ಕಿರಾಣಿ ಅಂಗಡಿ ಸುತ್ತುವ ಅಕ್ಕನಿಗೆ, ಗಾಡಿ ನಿಲ್ಲಿಸಿದಲ್ಲೆಲ್ಲ ಅಷ್ಟೂ ಭಾರ ಎಡಗಾಲಿನ ಮೇಲೆಯೇ. ಆ ಮಂಡಿ ಈಗ ಸಾಕು ಎಂದಿದೆ. ಇನ್ನು ತಾನೇ ಮೊಟ್ಟೆ ಹಂಚಲು ಹೊರಟಿರುವ ಮಗಳು ಒಣ ರಸ್ತೆಯಲ್ಲಿ ಬಿಟ್ಟ ಬಾಣ. ಆದರೆ ಕಳೆದ ಮಳೆಯಲ್ಲಿ ಮೀನು ಮಾರುಕಟ್ಟೆಯ ತಿರುವಿನಲ್ಲಿ ಜಾರಿ, ಮೊಣಕೈ ತರಚಿಕೊಂಡು ಬಂದವಳು.

ಈ ಮೊಟ್ಟೆಯ ಪರೀಕ್ಷೆ ಅಕ್ಕನ ಗಂಡನ ಕಾಲದ್ದು. ವ್ಯಾಪಾರ ಶುರು ಮಾಡಿದ್ದೇ ಅವರು. ತಾನೂ ಗಾಡಿ ಕಲಿಯುತ್ತೇನೆ ಎಂದು ಹೆಂಡತಿ ಹಟ ಹಿಡಿದಾಗ ಓಣಿಯೆಲ್ಲ ಬಾಯಿಗೆ ಸೆರಗಿಟ್ಟು ನಕ್ಕಿತ್ತು. ಗಂಡ ಮಾತ್ರ, ಅವಳು ಸೀರೆಯ ಮೇಲೆ ತೊಟ್ಟ ಅಂಗಿಯ ಜೇಬಿಗೊಂದು ಮೊಟ್ಟೆ ಇಟ್ಟು, ಹಿಂದೆ ಕೂತರು.

"ಮೊದಲ್ನೇ ದಿನಾನೇ ಗಾಬರಿಯಾಗಿ ಬ್ರೇಕ್ ಅಮುಕ್ಬಿಟ್ಟೆ. ಇಬ್ರೂ ಬಿದ್ವಿ. ನನ್ನ ಅಂಗಿಯೆಲ್ಲ ಲೋಳೆ," ಎಂದು ಅಕ್ಕ ನಗುತ್ತಾರೆ. "ಅವರು ಒಂದು ಮಾತೂ ಬೈಲಿಲ್ಲ. ಒಳಗೆ ಹೋಗಿ ಇನ್ನೊಂದು ಮೊಟ್ಟೆ ತಂದ್ರು. ಮೊಟ್ಟೆ ಮಾರೋರ ಮನೇಲಿ ಮೊಟ್ಟೆಗೇನು ಬರ?"

ಮೊಟ್ಟೆ ಹಾಗೇ ಉಳಿದು ಬಂದ ದಿನ ಗಂಡ ಅದನ್ನೇ ಆಮ್ಲೆಟ್ ಮಾಡಿ ಎರಡು ಪಾಲು ಹಾಕಿದರು. ಅಂದಿನಿಂದ ಪ್ರತಿ ಮಳೆಗಾಲದ ಮೊದಲ ಸವಾರಿಗೆ ಜೇಬಿನಲ್ಲೊಂದು ಮೊಟ್ಟೆ, ವಾಪಸು ಬಂದಮೇಲೆ ಒಂದೇ ತಟ್ಟೆಯಲ್ಲಿ ಎರಡು ಪಾಲು. ಜ್ವರವೊಂದು ಅವರನ್ನು ಕರೆದುಕೊಂಡು ಹೋದಮೇಲೂ ಅಕ್ಕ ಆ ಪದ್ಧತಿ ಬಿಡಲಿಲ್ಲ. "ಒಬ್ಬಳೇ ತಿನ್ನೋಕೆ ಮನಸೇ ಬರ್ತಿರಲಿಲ್ಲ. ಆದ್ರೂ ಮಾಡ್ತಿದ್ದೆ," ಎನ್ನುತ್ತಾರೆ.

ಮೊಟ್ಟೆ ತರುವ ಗೋದಾಮಿಗೆ ಇಂದು ರಜೆ. ಹಾಗಾಗಿ ಟ್ರೇಗಳ ಜಾಗದಲ್ಲಿ ಅಮ್ಮನೇ ಕೂತಿದ್ದಾರೆ. ಮಗಳ ನಡು ಹಿಡಿದರೆ ಅವಳು ಅಮ್ಮನ ಧೈರ್ಯವನ್ನೇ ನೆಚ್ಚಿಕೊಳ್ಳುತ್ತಾಳೆ ಎಂದು ಹಿಂದಿನ ಕಂಬಿ ಹಿಡಿದಿದ್ದಾರೆ. ಬಾಯಿಗೆ ಮಾತ್ರ ಬಿಡುವಿಲ್ಲ.

"ಈಗ ತಾನೇ ಹನಿ ಬಿದ್ದಿದೆ ಕಣೇ. ರಸ್ತೆ ಕುಡಿದ ಎಣ್ಣೆಯೆಲ್ಲ ಮೇಲೆ ಬಂದಿರುತ್ತೆ. ಜೋರು ಮಳೆಗಿಂತ ಇದೇ ಮೋಸ."

"ಗೊತ್ತಮ್ಮ."

"ಗೊತ್ತಿದ್ದವರೇ ಬೀಳೋದು."

ರಸ್ತೆ ದಾಟುವವರಿಗೆಂದು ಬಳಿದ ಬಿಳಿ ಪಟ್ಟೆ ಬರುತ್ತದೆ. ಮಗಳು ಮೊದಲೇ ವೇಗ ಇಳಿಸಿ, ಗಾಡಿಯನ್ನು ವಾಲಿಸದೆ ನೆಟ್ಟಗೆ ದಾಟಿಸುತ್ತಾಳೆ. ಚರಂಡಿಯ ಕಬ್ಬಿಣದ ಮುಚ್ಚಳವನ್ನು ದೂರದಲ್ಲೇ ಕಂಡು ಪಕ್ಕಕ್ಕೆ ಸರಿಯುತ್ತಾಳೆ. ಕೊನೆಗೆ ಮೀನು ಮಾರುಕಟ್ಟೆ. ಬುಟ್ಟಿಗಳಿಂದ ಸೋರಿದ ನೀರು ತಿರುವಿನ ಉದ್ದಕ್ಕೂ ಹೊಳೆಯುತ್ತಿದೆ. ಇಲ್ಲಿ ಅಮ್ಮನ ಬಾಯಿ ತಾನಾಗಿ ಕಟ್ಟುತ್ತದೆ. ಮಗಳು ತಿರುವಿಗೆ ಮೊದಲೇ ಗೇರ್ ಇಳಿಸುತ್ತಾಳೆ, ಎರಡೂ ಬ್ರೇಕುಗಳನ್ನು ಮಗುವಿನ ಕೈ ಹಿಡಿದಂತೆ ಹಿಡಿಯುತ್ತಾಳೆ, ಕಣ್ಣು ನೆಲದ ಮೇಲಲ್ಲ, ತಿರುವಿನ ಆಚೆ. ಅರ್ಧ ದಾರಿಯಲ್ಲಿ ಹಿಂದಿನ ಚಕ್ರ ಚೂರು ಜಾರುತ್ತದೆ. ಅವಳು ಬ್ರೇಕ್ ಅಮುಕುವುದಿಲ್ಲ. ಗಾಡಿ ತಾನೇ ಸರಿಹೋಗಿ ಮುಂದೆ ಸಾಗುತ್ತದೆ. ಮೀನು ಮಾರುವಾಕೆಯೊಬ್ಬಳು ಚಾಕು ಕೈಯಲ್ಲಿ ಹಿಡಿದೇ, "ಏನಕ್ಕಾ, ಇವತ್ತು ನೀನೇ ಲೋಡಾ?" ಎಂದು ಕೂಗುತ್ತಾಳೆ.

ಮನೆಯ ಮುಂದೆ ಗಾಡಿ ನಿಂತಾಗ ಮಗಳು ಜೇಬು ಮುಟ್ಟಿ ನೋಡುತ್ತಾಳೆ. ಮೊಟ್ಟೆ ಗುಂಡಾಗಿ, ಗಟ್ಟಿಯಾಗಿ, ಇದ್ದ ಹಾಗೇ ಇದೆ.

ಅಕ್ಕ ಕಂಬಿ ಬಿಟ್ಟು ಕೆಳಗಿಳಿಯುತ್ತಾರೆ. ಮಗಳನ್ನು ಬರಸೆಳೆದು ಬಿಗಿಯಾಗಿ ಅಪ್ಪಿಕೊಳ್ಳುತ್ತಾರೆ.

ಚಟ್!

ಇಬ್ಬರ ಬಟ್ಟೆಯ ಮೇಲೂ ಹಳದಿ ಇಳಿಯುತ್ತದೆ. ಮಗಳ ಮುಖ ಸಣ್ಣಗಾಗುತ್ತದೆ. "ಅಮ್ಮಾ... ಗಾಡಿ?"

"ರಸ್ತೆ ಒಡೆದಿದ್ರೆ ಮಾರ್ತಿದ್ದೆ," ಎನ್ನುತ್ತಾ ಅಕ್ಕ ಸೆರಗಿನಿಂದ ಮಗಳ ಜೇಬು ಒರೆಸುತ್ತಾರೆ. "ಇದನ್ನ ಒಡೆದಿದ್ದು ನಾನು."

ಅಷ್ಟು ಹೇಳಿ ಒಳಗೆ ಹೋಗಿ ಇನ್ನೊಂದು ಮೊಟ್ಟೆ ತರುತ್ತಾರೆ. ಬಾಣಲೆ ಕಾಯುತ್ತದೆ. ಎಷ್ಟೋ ಮಳೆಗಾಲಗಳ ನಂತರ ಆ ತಟ್ಟೆಯಲ್ಲಿ ಮತ್ತೆ ಎರಡು ಪಾಲು.

ಇನ್ನೇನು ಆಸೆ ಇದೆ ಎಂದು ಕೇಳಿದರೆ, ಅಕ್ಕ ಹೊಸ್ತಿಲ ಕಡೆ ಕೈ ತೋರಿಸುತ್ತಾರೆ. "ನಾಳೆ ಇವಳು ಟ್ರೇ ಹೇರ್ಕೊಂಡು ಹೊರಟಾಗ ಅಲ್ಲಿ ನಿಂತ್ಕೋಬೇಕು, ಅಷ್ಟೇ. ನಾನು ಓಣಿ ತಿರುವು ದಾಟೋವರೆಗೂ ಇವಳಪ್ಪ ಅಲ್ಲೇ ನಿಂತಿರ್ತಿದ್ರು."