ಕಿತ್ತೂರು ಕೋಟೆಯಲ್ಲಿ ಅಪ್ಪ ಅವ್ವ

ನಿನ್ನೆ ಎಂ.ಕೆ. ಹುಬ್ಬಳ್ಳಿ ದಾಟುವಾಗ ಬಸ್ಸಿನೊಳಗೆ ಹಸಿ ಕಬ್ಬಿನ ವಾಸನೆ ನುಗ್ಗಿತು. ಅಪ್ಪ ನಮ್ಮನ್ನು ಕಿತ್ತೂರು ನೋಡಲು ಕರೆದೊಯ್ದ ದಿನವೂ ದಾರಿಯುದ್ದಕ್ಕೂ ಇದೇ ವಾಸನೆಯಿತ್ತು.

ಮುನವಳ್ಳಿಯ ನಮ್ಮ ಮನೆಯಲ್ಲಿ ಅಜ್ಜಿಯ ಎದುರಿಗೆ ಅಪ್ಪ ಅವ್ವ ನೇರವಾಗಿ ಮಾತಾಡುತ್ತಿರಲಿಲ್ಲ.

"ಚಹಾ ಬೇಕಂತ ನಿಮ್ಮವ್ವಗ ಹೇಳು" ಎನ್ನುತ್ತಿದ್ದ ಅಪ್ಪ.

"ತರತೇನಂತ ಹೇಳು" ಎನ್ನುತ್ತಿದ್ದಳು ಅವ್ವ. ನಡುವೆ ನಾನು.

ಅಂದು ಕಿತ್ತೂರು ಕೋಟೆಯಲ್ಲಿ, ಅರಮನೆಯ ಮುರಿದ ಗೋಡೆಗಳ ನಡುವೆಯೂ ಅವ್ವ ತಲೆತುಂಬ ಸೆರಗು ಹೊದ್ದು ಹಿಂದೆಯೇ ಬರುತ್ತಿದ್ದಳು. ಬುರುಜಿನ ಸವೆದ ಮೆಟ್ಟಿಲುಗಳ ಮೇಲೆ ಹೆದರಿ ನಿಂತುಬಿಟ್ಟಳು. ಮೇಲಿದ್ದ ಅಪ್ಪ ರೂಢಿಯಂತೆ ನನ್ನತ್ತ ತಿರುಗಿ "ನಿಮ್ಮವ್ವಗ ಹೇಳು..." ಎಂದವನು ಅಲ್ಲಿಗೇ ನಿಲ್ಲಿಸಿದ. ತಾನೇ ಇಳಿದು ಬಂದು ಕೈ ಚಾಚಿದ.

"ಬಾ ಶಾಂತಾ, ಇಲ್ಲಿ ಯಾರೂ ಇಲ್ಲ."

ಅವ್ವ ಆ ಕೈ ಹಿಡಿದು ಹತ್ತಿದಳು. ಮೇಲೆ ಗಾಳಿಗೆ ಸೆರಗು ಜಾರಿತು. ಅವಳು ಎಳೆದುಕೊಳ್ಳಲಿಲ್ಲ. ಅಪ್ಪ ಏನೋ ಹೇಳಿದ, ಅವ್ವ ಬಾಯಿಬಿಟ್ಟು ನಕ್ಕಳು. ಅವಳ ನಗು ಅಷ್ಟು ಜೋರಾಗಿರುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ಅಪ್ಪ ಈಗಿಲ್ಲ. ಬಸ್ಸಿನಿಂದಲೇ ಅವ್ವನಿಗೆ ಫೋನು ಹಚ್ಚಿ, ಅಂದು ಅಪ್ಪ ಹೇಳಿದ್ದೇನು ಎಂದು ಕೇಳಿದೆ.

ಅವ್ವ "ಅದನ್ನ ನಿನಗ್ಯಾಕ ಹೇಳ್ಲಿ?" ಎಂದಳು.